ನೀರು ಹಾಕಿಲ್ಲವೇ?

ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವುದು ಅವಳ ಕೆಲಸ. ಜೊತೆಗಿದ್ದ ಒಬ್ಬಳೇ ಒಬ್ಬ ಕನ್ನಡದ ಹೆಂಗಸು ಅವಳನ್ನು ‘ಅಕ್ಕ’ ಎನ್ನುತ್ತಿದ್ದಳು. ಕೇಳಿ ಕೇಳಿ ಮಾಲೀಕ ಅದೇ ಅವಳ ಹೆಸರೆಂದುಕೊಂಡ. ಹೈಸ್ಕೂಲಿಗೆ ಶಿಫಾರಸು ಪತ್ರ ಬರೆಯುವಾಗಲೂ ಹಾಗೆಯೇ ಬರೆದುಬಿಟ್ಟ. ಹೀಗಾಗಿ, ನಲವತ್ತರ ಹೊಸ್ತಿಲಲ್ಲಿ ಅವಳು ರಸಾಯನಶಾಸ್ತ್ರದ ತರಗತಿಗೆ ಕಾಲಿಟ್ಟ ದಿನ ಮೇಷ್ಟ್ರು ಹಾಜರಿ ಪುಸ್ತಕ ನೋಡಿ ‘ಮಿಸೆಸ್ ಅಕ್ಕ’ ಎಂದು ಕೂಗಿದರು. ತಿದ್ದುವಷ್ಟು ಇಂಗ್ಲಿಷ್ ಅವಳಲ್ಲಿರಲಿಲ್ಲ. ‘ಯೆಸ್’ ಎಂದಳು.

ಈ ವಿಷಯ ಒಂದು ಪಾಸಾದರೆ ಮುಂದಿನ ಕೌಂಟರಿನಲ್ಲಿ ಔಷಧಿ ಕೊಡುವ ಕೆಲಸಕ್ಕೆ ಹಾಕುತ್ತೇನೆ ಎಂದಿದ್ದ ಮಾಲೀಕ. ಆ ಸ್ಕೂಲಿನಲ್ಲಿ ದೊಡ್ಡವರೂ ಹಗಲಿನ ತರಗತಿಗೆ ಸೇರಬಹುದಿತ್ತು. ತೊಡಕು ಒಂದೇ: ಅವಳಿಗೆ ಕೆಲಸದಿಂದ ಬಿಡುವಿದ್ದ ಹೊತ್ತಿಗೆ ಇದ್ದದ್ದು ಒಂದೇ ತರಗತಿ, ಅದರಲ್ಲಿ ಆಗಲೇ ಅವಳ ಸ್ವಂತ ಮಗಳು ಕೂತಿದ್ದಳು.

ಮಗಳಿಗೆ ಹದಿನಾರು. ಈ ದೇಶಕ್ಕೆ ಬಂದ ಮೂರೇ ವರ್ಷದಲ್ಲಿ ಅರಳು ಹುರಿದಂತೆ ಇಂಗ್ಲಿಷ್ ಮಾತಾಡುತ್ತಿದ್ದಳು. ಅಮ್ಮ ತರಗತಿಗೆ ಸೇರುವ ಹಿಂದಿನ ದಿನ ಸಂಜೆಯೇ ಬೆರಳು ಮಡಿಚಿ ಷರತ್ತು ಹಾಕಿದ್ದಳು.

“ನನ್ನ ಪಕ್ಕ ಕೂರಬಾರದು. ಎಲ್ಲರೆದುರು ಕನ್ನಡದಲ್ಲಿ ಮಾತಾಡಿಸಬಾರದು. ಮುಖ್ಯವಾಗಿ, ಗುಂಡಮ್ಮ ಅನ್ನಬಾರದು.”

“ಹೆತ್ತ ಮಗಳನ್ನ ಮತ್ತೇನಂತ ಕರೀಲೇ?”

“ಕರೀಲೇಬೇಡ ಅಮ್ಮ.”

ಬಸ್ಸು ರಿಪೇರಿ ಮಾಡುವ ಗಂಡ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ನಕ್ಕ. “ಇಬ್ಬರೂ ಒಂದೇ ಕ್ಲಾಸಲ್ಲಿ ಫೇಲಾದ್ರೆ ಒಳ್ಳೇದೇ. ಬೈಯೋ ಕೆಲಸ ಒಂದೇ ಸಲಕ್ಕೆ ಮುಗಿಯುತ್ತೆ.”

ಅಕ್ಕನಿಗೆ ನಗು ಬರಲಿಲ್ಲ. ಮರುದಿನದಿಂದ ವಾರಕ್ಕೆ ಮೂರು ದಿನ, ಸ್ಕೂಲಿನ ಮೆಟ್ಟಿಲುಗಳನ್ನು ಹೆದರುತ್ತಾ ಒಂದೊಂದಾಗಿ ಎಣಿಸಿ ಹತ್ತುತ್ತಿದ್ದಳು. ಮೇಷ್ಟ್ರು ಒಳ್ಳೆಯವರೇ, ಆದರೆ ಅವರ ಮಾತು ಓಡುವ ರೈಲು. ಹಿಡಿಯುವಷ್ಟರಲ್ಲಿ ಎರಡು ಬೋಗಿ ದಾಟಿರುತ್ತಿತ್ತು. ಬೋರ್ಡಿನ ಮೇಲಿನ ಪದಗಳನ್ನು ಅಕ್ಷರ ಅಕ್ಷರವಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮನೆಯಲ್ಲಿ ನಿಘಂಟು ನೋಡಿ ಪಕ್ಕದಲ್ಲಿ ಕನ್ನಡ ಬರೆಯುವಳು. ಮೇಷ್ಟ್ರು ಏನಾದರೂ ಕೇಳಿದರೆ ತಲೆಯಾಡಿಸುವಳು. ಅರ್ಥವಾಗಲಿಲ್ಲ ಎಂದರೆ ಅವರು ಅದನ್ನೇ ಇನ್ನೊಮ್ಮೆ, ಗಟ್ಟಿಯಾಗಿ ಹೇಳುತ್ತಿದ್ದರು; ಆಗ ಇಡೀ ತರಗತಿ ತಿರುಗಿ ನೋಡುತ್ತಿತ್ತು. ಮಗಳು ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು.

ಒಂದು ಪಾಠ ಮಾತ್ರ ಅವಳಿಗೆ ಕಲ್ಲಿನಲ್ಲಿ ಕೊರೆದಂತೆ ಕೂತಿತ್ತು. ಮೊದಲ ವಾರವೇ ಮೇಷ್ಟ್ರು ಚಿತ್ರ ಬರೆದು, ಕೈ ಬೀಸಿ ಮೂರು ಸಲ ಹೇಳಿದ್ದರು: ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಹಾಕಿದರೆ ಕುದಿದು ಮುಖಕ್ಕೇ ಹಾರುತ್ತದೆ.

ಏಳನೇ ವಾರ ಪ್ರಯೋಗವಿತ್ತು. ಪ್ರತಿ ಮೇಜಿನಲ್ಲಿ ಮೊದಲು ಗಾಜಿನ ಪಾತ್ರೆಗೆ ಅರ್ಧದಷ್ಟು ನೀರು ಹಾಕಿಡಬೇಕು. ಮೇಷ್ಟ್ರೇ ಬಂದು ಅದಕ್ಕೆ ಆಸಿಡ್ ಸುರಿಯುತ್ತಾರೆ. ಬಿಸಿ ಆರಿದ ಮೇಲೆ ಗೆರೆಯವರೆಗೆ ಮತ್ತೆ ನೀರು ತುಂಬಬೇಕು. ಆವತ್ತು ಅಕ್ಕನ ಜೊತೆಯ ಹುಡುಗಿ ಜ್ವರವೆಂದು ಬಂದಿರಲಿಲ್ಲ. ಮೇಜಿನ ಮೇಲೆ ಎರಡು ಬಾಟಲಿ ನೀರು. ಒಂದು ನಲ್ಲಿಯದು, ಇನ್ನೊಂದರ ಚೀಟಿಯಲ್ಲಿ ಉದ್ದದ್ದೊಂದು ಪದ. ನೋಟ್‌ಬುಕ್ಕಿನಲ್ಲಿ ಹುಡುಕಿದಳು: ‘ಬಟ್ಟಿ ಇಳಿಸಿದ’ ಎಂದಿತ್ತು. ಬಟ್ಟಿ ಇಳಿಸುವುದು ಸಾರಾಯಿಯನ್ನಲ್ಲವೇ? ನೀರನ್ನೂ ಇಳಿಸುತ್ತಾರೆಯೇ? ಯಾವುದನ್ನು ಹಾಕಲಿ ಎಂದು ಎರಡೂ ಬಾಟಲಿ ಮುಟ್ಟಿ ಮುಟ್ಟಿ ನೋಡುತ್ತಿರುವಾಗಲೇ ಮೇಷ್ಟ್ರು ಬಂದುಬಿಟ್ಟರು.

ಹಿಂದಿನ ಮೇಜಿನಲ್ಲಿ ಇಬ್ಬರು ಹುಡುಗಿಯರು ಆಸಿಡ್‌ನಿಂದ ಕಣ್ಣು ಕಾಯುವ ಕನ್ನಡಕ ತೆಗೆದಿಟ್ಟು ಕಿಸಿಕಿಸಿ ನಗುತ್ತಿದ್ದರು. ಮೇಷ್ಟ್ರ ಕಣ್ಣು ಅತ್ತ, ಕೈ ಇತ್ತ.

“ಮಿಸೆಸ್ ಅಕ್ಕ, ನೀವಿನ್ನೂ ನೀರು ಹಾಕಿಲ್ಲವೇ?”

ಪ್ರಶ್ನೆ ಪೂರ್ತಿ ಅರ್ಥವಾಯಿತು. ಅದೇ ಅವಳಿಗೆ ಖುಷಿ. ಊಟ ಆಗಿಲ್ಲವಾ ಎಂದರೆ, ಆಗಿರದಿದ್ದರೆ, ನಾವು ಏನನ್ನುತ್ತೇವೆ? ಹೂಂ, ಆಗಿಲ್ಲ ಎನ್ನುತ್ತೇವೆ. ಅವಳೂ ಹಾಗೆಯೇ, ಕೇಳಿದ್ದಕ್ಕೆ ಸರಿಯಾಗಿ, ‘ಯೆಸ್’ ಎಂದಳು.

ಇಂಗ್ಲಿಷಿನಲ್ಲಿ ಅದು ‘ಹಾಕಿದ್ದೇನೆ’ ಎಂದಾಗುತ್ತದೆಂದು ಅವಳಿಗೇನು ಗೊತ್ತು?

ಮೇಷ್ಟ್ರು ಆಸಿಡ್ ಸುರಿದು, ಹಿಂದಿನ ಮೇಜಿನವರನ್ನು ಗದರಿಸುತ್ತಾ ಮುಂದೆ ಹೋದರು. ಅಕ್ಕ ಪಾತ್ರೆಯನ್ನು ದಿಟ್ಟಿಸಿದಳು. ತಳದಲ್ಲಿ ಎಣ್ಣೆಯಂತೆ ಮಂದವಾಗಿ, ಸುಮ್ಮನೆ ಕೂತಿತ್ತು. ನೀರಿಲ್ಲದ ಆಸಿಡ್. ಹೇಳಲೇ? ಏನೆಂದು? ಮೇಷ್ಟ್ರೇ ಹಾಕಿದ್ದಾರೆ, ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು? ಇವತ್ತಿನ ಪ್ರಯೋಗ ಹೀಗೆಯೇ ಇರಬಹುದು. ಕೈ ಎತ್ತಲು ಹೋದಳು; ಎತ್ತಿದ ಮೇಲೆ ಆಡಲು ಮಾತಿಲ್ಲವೆಂದು ಇಳಿಸಿದಳು.

ಅಷ್ಟರಲ್ಲಿ ಮೇಷ್ಟ್ರು ತರಗತಿಯ ಆ ತುದಿಯಿಂದ ಮಗಳಿಗೆ ಏನೋ ಹೇಳಿ ಇತ್ತ ಕೈ ತೋರಿಸಿದರು. ಆ ಹೆಂಗಸು ಒಬ್ಬರೇ ಇದ್ದಾರೆ, ಹೋಗಿ ಸಹಾಯ ಮಾಡು ಎಂದಿರಬೇಕು. ಮಗಳು ಮುಖ ಸೊಟ್ಟಗೆ ಮಾಡಿಕೊಂಡು, ಗುರುತೇ ಇಲ್ಲದವಳಂತೆ ಬಂದು ನಿಂತಳು. ಪಾತ್ರೆಯ ಕಡೆ ಸರಿಯಾಗಿ ನೋಡಲೂ ಇಲ್ಲ. ಬೇಗ ಮುಗಿಸಿ ಹೋಗಬೇಕು ಅವಳಿಗೆ. ನೀರಿನ ಬಾಟಲಿ ಎತ್ತಿದಳು, ಮುಚ್ಚಳ ತೆಗೆದಳು, ಬಗ್ಗಿದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ನಿಲ್ಲಿಸು ಎನ್ನಲು ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪದವಿದೆ, ಬೀದಿ ಬೀದಿಯ ಕಂಬದ ಮೇಲಿನ ಕೆಂಪು ಫಲಕದಲ್ಲಿ ದಿನಾ ನೋಡಿದ್ದಳು. ಆ ಕ್ಷಣದಲ್ಲಿ ಅದು ಎಲ್ಲಿ ಹೋಯಿತೋ.

“ಗುಂಡಮ್ಮಾ! ಸುರೀಬೇಡ್ವೇ! ಅದ್ರಲ್ಲಿ ನೀರಿಲ್ಲ ಕಣೇ, ಬರೀ ಆಸಿಡ್ಡು!”

ಕೂಗಿದ್ದಷ್ಟೇ ಅಲ್ಲ, ಮಗಳ ಕೈಗೇ ಹೊಡೆದಳು. ಬಾಟಲಿ ಹಾರಿ ನೆಲಕ್ಕೆ ಬಿದ್ದು ಉರುಳಿತು. ಯಾರೋ ಕಿಸಕ್ಕೆಂದರು. ಮೇಷ್ಟ್ರು ಓಡಿ ಬಂದರು, ಮುಖ ಕೆಂಪಗೆ. ಹುಡುಗಿಯ ಮೇಲೆ ಕೈ ಮಾಡಿದಳು ಎಂದೇ ತಿಳಿದಿದ್ದರು. ಅವರ ಮಾತಿನಲ್ಲಿ ‘ಹೊರಗೆ’ ಎಂಬ ಪದವೊಂದು ಅವಳಿಗೆ ಚೆನ್ನಾಗಿ ಕೇಳಿಸಿತು.

ಮುಗಿಯಿತು ಎಂದುಕೊಂಡಳು. ಏಪ್ರನ್ನಿನ ಗಂಟು ಬಿಚ್ಚತೊಡಗಿದಳು.

ಮಗಳು ಪಾತ್ರೆಯತ್ತ ನೋಡಿದಳು. ನಂತರ ಅಮ್ಮನತ್ತ. ಬಣ್ಣ ಇಳಿದ ಮುಖದಲ್ಲೇ ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಹೇಳಿದಳು: “ಇವರು ನಮ್ಮಮ್ಮ. ಇದರಲ್ಲಿ ನೀರೇ ಇಲ್ಲ ಸರ್.”

“ನಾನು ಕೇಳಿದೆನಲ್ಲ! ಯೆಸ್ ಅಂದರಲ್ಲ!”

“ಹಾಕಿಲ್ಲವೇ ಅಂತ ಕೇಳಿದ್ರಲ್ವಾ? ನಮ್ಮ ಭಾಷೆಯಲ್ಲಿ ಹೌದು ಅಂದ್ರೆ, ಹೌದು, ಹಾಕಿಲ್ಲ ಅಂತ.”

ಮೇಷ್ಟ್ರು ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪಾತ್ರೆಯನ್ನು ತಾವೇ ಒಯ್ದು ಗಾಜಿನ ಬೀರುವಿನೊಳಗಿಟ್ಟು, ಎಲ್ಲರಿಗೂ ಕೈ ತೊಳೆದು ಕೂರಲು ಹೇಳಿದರು. ಉಳಿದ ಸಮಯ ಪ್ರಯೋಗ ನಡೆಯಲಿಲ್ಲ.

ಬಸ್ ನಿಲ್ದಾಣದಲ್ಲಿ ತಾಯಿ ಮಗಳು ಅಕ್ಕಪಕ್ಕ ನಿಂತರು. ಮಗಳಿಗೆ ಸಿಟ್ಟು ಆಗ ಬಂತು.

“ಅರ್ಥ ಆಗದಿದ್ರೆ ಸುಮ್ನಿರಬಾರದಾ? ಯಾಕೆ ಯೆಸ್ ಅಂತೀಯಾ?”

“ಅರ್ಥ ಆಗಿತ್ತು ಕಣೇ. ಉತ್ತರಾನೂ ಸರಿಯಾಗೇ ಹೇಳಿದ್ದೆ.”

ಮಗಳು ಕೆಂಪಗಾಗಿದ್ದ ತನ್ನ ಮಣಿಕಟ್ಟನ್ನು ಉಜ್ಜಿಕೊಂಡಳು. ಬಸ್ಸು ಬರುವಷ್ಟರಲ್ಲಿ ಅಳುತ್ತಿದ್ದಳು.

ಎರಡು ದಿನ ಅಕ್ಕ ಅಂಗಡಿಯಲ್ಲಿ ಚೀಟಿಗಳನ್ನು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡಳು. ಮೂರನೆಯ ದಿನ ಕಾಲೆಳೆದುಕೊಂಡು ತರಗತಿಗೆ ಹೋದಾಗ ಮೇಷ್ಟ್ರು ಬಾಗಿಲಲ್ಲೇ ಕಾದಿದ್ದರು. ತಪ್ಪು ನನ್ನದು, ಪಾತ್ರೆ ನೋಡಿ ಸುರಿಯಬೇಕಿತ್ತು ಎಂದರು. ಹೆಡ್‌ಮಾಸ್ಟರಿಗೂ ಹಾಗೆಯೇ ಬರೆದು ಕೊಟ್ಟಿದ್ದೇನೆ ಎಂದರು. ಇಷ್ಟನ್ನೂ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದ್ದರಿಂದ ಅವಳಿಗೆ ಪೂರ್ತಿ ತಿಳಿಯಿತು. ಆದರೂ ನಂಬಿಕೆ ಬರದೆ ಪಕ್ಕದಲ್ಲಿದ್ದ ಮಗಳ ಮುಖ ನೋಡಿದಳು. ಮಗಳು ಹೌದೆಂದು ತಲೆಯಾಡಿಸಿದಳು.

ಪರೀಕ್ಷೆಗೆ ಇನ್ನೂ ಹನ್ನೊಂದು ವಾರವಿತ್ತು. ಭಯವೇನೂ ಓಡಿಹೋಗಲಿಲ್ಲ, ಮೆಟ್ಟಿಲು ಎಣಿಸುವುದೂ ನಿಲ್ಲಲಿಲ್ಲ. ಮೊದಲ ಸಲ ನಾಲ್ಕು ಅಂಕಕ್ಕೆ ಫೇಲಾದಳು, ಎರಡನೆಯ ಸಲ ಅಂಚಿನಲ್ಲಿ ಪಾಸಾದಳು. ಪಾಸಾದ ಸುದ್ದಿಯನ್ನು ಮಗಳೇ ಅಂಗಡಿಗೆ ಓಡಿ ಬಂದು, ಮುಂದಿನ ಬಾಗಿಲಿನಿಂದ ನುಗ್ಗಿ, ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ದಾಟಿ, ಎಲ್ಲರೆದುರು ಕನ್ನಡದಲ್ಲೇ ಕೂಗಿ ಹೇಳಿದಳು.