ನೀಲಿ ವಾಪಸ್ ಬರುವವರೆಗೆ

ಐದನೇ ತೊಟ್ಟಿಯಲ್ಲಿ ಕಂದು ಮರಿ ಕಂಡಾಗ ಬಣ್ಣದಕ್ಕ ಮೊದಲು ಅನುಮಾನಪಟ್ಟಿದ್ದು ತನ್ನ ಕನ್ನಡಕದ ಮೇಲೆ. ಒರೆಸಿ ಹಾಕಿಕೊಂಡು, ಗಾಜಿಗೆ ಮೂಗು ತಾಗಿಸಿ ಮತ್ತೆ ನೋಡಿದಳು. ಕಂದೇ. ಒಂದಲ್ಲ, ನಾಲ್ಕು. ನೀಲಿ ಸೀಗಡಿಗಳ ನಡುವೆ ಸ್ವಂತ ಮನೆಯೆಂಬ ಹಾಗೆ ಪಾಚಿ ಮೇಯುತ್ತಿದ್ದವು.

ಬಣ್ಣದಕ್ಕ ಅನ್ನುವ ಹೆಸರು ಅವಳಿಗೆ ಬಂದದ್ದು ದಾರ, ಗುಂಡಿ ಮಾರುವ ಅಂಗಡಿಯ ಕೆಲಸದಿಂದ. ದರ್ಜಿಗಳು ಬಟ್ಟೆಯ ಚೂರು ತಂದು ಮುಂದಿಟ್ಟರೆ ಸಾಕು, ಮುನ್ನೂರು ಉಂಡೆಗಳ ನಡುವಿನಿಂದ ಅದಕ್ಕೆ ಹೊಂದುವ ದಾರವನ್ನು ಎತ್ತಿ ಕೊಡುತ್ತಿದ್ದಳು. ಮನೆಯ ಹಿಂದಿನ ಕೋಣೆಯಲ್ಲಿ ಅವಳ ಒಂಬತ್ತು ಗಾಜಿನ ತೊಟ್ಟಿಗಳಿದ್ದವು. ಒಂದರಲ್ಲಿ ಕೆಂಪು, ಒಂದರಲ್ಲಿ ಹಳದಿ, ಒಂದರಲ್ಲಿ ಕಿತ್ತಳೆ ಬಣ್ಣದ ಸಿಹಿನೀರಿನ ಸೀಗಡಿ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಅಷ್ಟೇ. ಮನೆಗೆ ಬಂದ ನೆಂಟರೆಲ್ಲ "ಇಷ್ಟನ್ನೂ ಹುರಿದ್ರೆ ಒಂದು ತಟ್ಟೆ ತುಂಬಲ್ವಲ್ಲೇ" ಎಂದು ಒಂದೇ ನಗೆಹನಿ ಹೇಳುತ್ತಿದ್ದರು. ಅವಳಿಗೆ ಅದು ಒಮ್ಮೆಯೂ ನಗು ತಂದಿರಲಿಲ್ಲ.

ಐದನೇ ತೊಟ್ಟಿಯ ನೀಲಿಯ ಕತೆ ಬೇರೆ. ಅದನ್ನು ಯಾವ ಅಂಗಡಿಯಿಂದಲೂ ತಂದಿರಲಿಲ್ಲ. ಆರು ವರ್ಷದ ಹಿಂದೆ ಮಾಸಲು ಸೀಗಡಿಗಳ ಗುಂಪಿನಲ್ಲಿ ಶಾಯಿ ಬಣ್ಣದ ಒಂದೇ ಒಂದು ಹೆಣ್ಣು ಅವಳ ಕಣ್ಣಿಗೆ ಬಿದ್ದಿತ್ತು. ಅದನ್ನು ಬೇರೆ ಮಾಡಿ, ಅದರ ಮಕ್ಕಳು ಮೊಮ್ಮಕ್ಕಳಲ್ಲಿ ತಿಳಿಯಾದವನ್ನು ತೆಗೆಯುತ್ತಾ, ಗಾಢವಾದವನ್ನು ಉಳಿಸಿಕೊಳ್ಳುತ್ತಾ, ಕಾಲಿನ ತುದಿಯವರೆಗೂ ನೀಲಿ ಇಳಿಯುವಂತೆ ಮಾಡಿದ್ದಳು. ಅಂಥ ನೀಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಕಳೆದುಹೋದರೆ ಮತ್ತೆ ತರಲು ಜಾಗವೂ ಇರಲಿಲ್ಲ.

ಈ ಸೀಗಡಿಗಳದ್ದು ಒಂದು ವಿಚಿತ್ರ. ಎರಡು ಬಣ್ಣದವು ಕೂಡಿದರೆ ಮೂರನೇ ಚೆಂದದ ಬಣ್ಣ ಹುಟ್ಟುವುದಿಲ್ಲ. ಎರಡೂ ಹೋಗಿ ಹೊಳೆಯ ಕೆಸರಿನ ಕಂದು ವಾಪಸ್ ಬರುತ್ತದೆ. ಮುಂದೆ ನೀಲಿಯಾಗಿಯೇ ಹುಟ್ಟಿದ ಮರಿಗಳ ಒಳಗೂ ಅದು ಅಡಗಿ ಕೂತು ಮೊಮ್ಮಕ್ಕಳಲ್ಲಿ ಮುಖ ತೋರಿಸುತ್ತದೆ. ಅದಕ್ಕೇ ಅವಳು ತೊಟ್ಟಿಗೊಂದು ಬಲೆ, ತೊಟ್ಟಿಗೊಂದು ಬಕೆಟ್ ಇಟ್ಟುಕೊಂಡಿದ್ದಳು. ಹಾಗಿದ್ದರೆ ಎಲ್ಲಿ ಎಡವಟ್ಟಾಯಿತು?

ತೋಳಿನ ಬಟ್ಟೆ ಮೇಲೇರಿಸಿ ತೊಟ್ಟಿಗೆ ಕೈಹಾಕಿದಳು. ಮರಿಗಳು ಅಡಗಲೆಂದು ಪಾಚಿಯನ್ನು ಕಲ್ಲಿಗೆ ಕಟ್ಟಿ ತಳದಲ್ಲಿ ಇಡುತ್ತಾರೆ. ಅವಳು ಕಟ್ಟುವುದು ಅಂಗಡಿಯ ಹತ್ತಿ ದಾರದಿಂದ. ಮೂಲೆಯ ಒಂದು ಕಲ್ಲಿನ ಪಾಚಿಯನ್ನು ಸರಿಸಿದಾಗ ಒಳಗೆ ಹಳದಿ ನೈಲಾನ್ ದಾರ ಕಂಡಿತು. ಮೇಲೆ ಗಟ್ಟಿಯಾದ ಜೋಡಿ ಗಂಟು. ಗೋಡೆಗೆ ಮಟ್ಟ ಹಿಡಿಯುವವರ ಗಂಟು. ಅದರ ಬುಡದಲ್ಲೇ ಪೇಲವ ಹಳದಿಯ ಒಂದು ಗಂಡು ಸೀಗಡಿ, ಅಳಿಯನ ಹಾಗೆ ಆರಾಮಾಗಿ ಕೂತಿತ್ತು.

ಮಟ್ಟ ಹಿಡಿಯುವವರು ಆ ಮನೆಯಲ್ಲಿ ಒಬ್ಬರೇ: ಅವಳ ಅಪ್ಪ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಸಾರುವೆಯಿಂದ ಬಿದ್ದು ಸೊಂಟ ಮುರಿದ ಮೇಲೆ ಒಂದು ವರ್ಷ ಗೋಡೆ ನೋಡುತ್ತಾ ಕೂತಿದ್ದವನು, ಏಳೆಂಟು ತಿಂಗಳ ಹಿಂದೆ, ಮಗಳು ಅಂಗಡಿಗೆ ಹೋದಾಗ ತೊಟ್ಟಿಗಳಿಗೆ ಮೇವು ಹಾಕಲು ಶುರು ಮಾಡಿದ್ದ. ನೀಲಿ ಮರಿಗಳಿಗೆ ಅಡಗಲು ಜಾಗ ಸಾಲದೆಂದು ಹಳದಿ ತೊಟ್ಟಿಯಿಂದ ಒಂದು ಹಿಡಿ ಪಾಚಿ ಕಿತ್ತು, ಕಲ್ಲಿಗೆ ಕಟ್ಟಿ ಇಟ್ಟಿದ್ದಾನೆ. ಪಾಚಿಯ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಮರಿಯೂ ಬಂದು, ಇಲ್ಲೇ ಬೆಳೆದು ದೊಡ್ಡ ಗಂಡಾಗಿದೆ.

ಆರು ವರ್ಷ! ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದ. ಅವಳು ಕತ್ತರಿ ತಂದು ಗಂಟನ್ನು ಕತ್ತರಿಸಿ ದಾರವನ್ನು ಒಂದು ಪುಟ್ಟ ಡಬ್ಬಿಯಲ್ಲಿ ಮುಚ್ಚಿಟ್ಟಳು.

"ಏನಾಯ್ತೇ?" ಎಂದು ಅಪ್ಪ ಬಾಗಿಲಲ್ಲಿ ನಿಂತ.

"ಬಲೆ ಸರಿಯಾಗಿ ಒಣಗಿಸಿರ್ಲಿಲ್ಲ ಅನ್ಸುತ್ತೆ. ನಂದೇ ತಪ್ಪು."

ಅಪ್ಪ ಬರಿದಾದ ಕಲ್ಲನ್ನೊಮ್ಮೆ ನೋಡಿ ತನ್ನ ಕೋಣೆಗೆ ಹೋದ. ಅವಳು ಮುಖ ತಿರುಗಿಸಲಿಲ್ಲ.

ಸಾಕುಮೀನಿನ ಅಂಗಡಿಯವನು ಬಂದು ನೋಡಿ ತಲೆಯಾಡಿಸಿದ. "ಇಡೀ ಟ್ಯಾಂಕ್ ಕಲಬೆರಕೆ ಆಯ್ತಲ್ಲ ಅಕ್ಕಾ. ಎಲ್ಲ ತೆಗೆದುಬಿಡಿ. ಹತ್ತು ನೀಲಿ ನಾನೇ ಕೊಡ್ತೀನಿ, ಹೊಸದಾಗಿ ಶುರು ಮಾಡಿ."

"ನಿಮ್ಮ ನೀಲಿ ನಂಗ್ಯಾಕೆ? ನಂಗೆ ನನ್ನ ನೀಲಿ ಬೇಕು."

"ಅದಕ್ಕೆ ವರ್ಷಗಟ್ಲೆ ಹಿಡಿಯುತ್ತೆ."

"ಹಿಡೀಲಿ."

ಪಟ್ಟು ಹಿಡಿದರೆ ಅವಳು ಜಪ್ಪಯ್ಯ ಅಂದರೂ ಬಿಡುವವಳಲ್ಲ. ಐದನೇ ತೊಟ್ಟಿಯ ನೀಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಪುಟ್ಟ ಡಬ್ಬಗಳಿಗೆ ಹಾಕಿದಳು. ಹೆಣ್ಣು ಹೊಟ್ಟೆಯಡಿ ಮೊಟ್ಟೆ ಹೊತ್ತು ತಿಂಗಳು ತಿರುಗಬೇಕು, ಮರಿಯಾಗಬೇಕು, ಮರಿಗೆ ಬಣ್ಣ ಕೂರಬೇಕು. ಒಂದೇ ಒಂದು ಕಂದು ಕಂಡರೂ ಆ ಇಡೀ ಸಂಸಾರ ಖಾಲಿ ಬಿಟ್ಟಿದ್ದ ಒಂಬತ್ತನೇ ತೊಟ್ಟಿಗೆ. ಕೊಲ್ಲುವ ಮಾತಿಲ್ಲ, ಅಲ್ಲಿ ಅವು ಸುಖವಾಗಿ ಹೆಚ್ಚುತ್ತಿದ್ದವು, ದರಿದ್ರದವು.

ಎರಡನೇ ಸುತ್ತಿಗೆ ಜೋಡಿ ಆರಿಸುವಾಗ ಅಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಕೈಯಲ್ಲಿ ಟಾರ್ಚ್. ಗೋಡೆ ಗಾರೆಯಾದ ಮೇಲೆ ದೀಪವನ್ನು ಓರೆಯಾಗಿ ಹಿಡಿದು ಉಬ್ಬುತಗ್ಗು ನೋಡುವುದು ಅವನ ಹಳೆಯ ಅಭ್ಯಾಸ. ಸೀಗಡಿಗಳ ಹಿಂದಿನಿಂದ ಟಾರ್ಚ್ ಹಿಡಿದ.

"ಇದು ಬೇಡ. ಬೆನ್ನ ಮೇಲೆ ಕೋಟ್ ತೆಳು. ಬೆಳಕು ಹಾಯ್ತಿದೆ ನೋಡು."

"ಬಣ್ಣ ಎಷ್ಟು ಚೆನ್ನಾಗಿದೆ ಅಪ್ಪ!"

"ಬಣ್ಣ ಬಿಡು. ನಾನು ಗಾರೆ ದಪ್ಪ ನೋಡ್ತಿದೀನಿ."

ಅವನು ಬೇಡವೆಂದ ಜೋಡಿಯಲ್ಲಿ ಹನ್ನೊಂದು ಕಂದು ಹುಟ್ಟಿದವು. ಅಂದಿನಿಂದ ಆ ಸ್ಟೂಲು ಕೋಣೆಯಿಂದ ಹೊರಗೆ ಹೋಗಲಿಲ್ಲ. ಅಪ್ಪನ ಕೆಮ್ಮು, ಗೊಣಗಾಟ, ಎಲ್ಲಾ ಅಲ್ಲಿಗೇ ಸ್ಥಳಾಂತರವಾದವು. ಗೋಡೆ ನೋಡುತ್ತಾ ಕೂರುವುದು ನಿಂತುಹೋಯಿತು. ಅದನ್ನು ಕಂಡು ಅವಳಿಗೆ ಸಂತೋಷವಾಗುತ್ತಿತ್ತು, ಹಾಗೆಂದು ಡಬ್ಬಿಯಲ್ಲಿದ್ದ ದಾರದ ಮೇಲಿನ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಒಂದೂವರೆ ವರ್ಷದಲ್ಲಿ ಹದಿನಾಲ್ಕು ಡಬ್ಬಗಳು ಎರಡಕ್ಕೆ ಇಳಿದವು. ಒಂದರಲ್ಲಿ ಅವಳು ಆರಿಸಿದ ಹೆಣ್ಣು, ಅಚ್ಚ ಶಾಯಿ ಬಣ್ಣ. ಇನ್ನೊಂದರಲ್ಲಿ ಅಪ್ಪ ಹಠ ಮಾಡಿ ಉಳಿಸಿದ ಹೆಣ್ಣು. ಅದರ ನೀಲಿ ಸ್ವಲ್ಪ ಮಬ್ಬು. ಅವಳು ಎರಡು ಸಲ ತೆಗೆದುಹಾಕಲು ಹೋಗಿದ್ದಳು, ಎರಡು ಸಲವೂ ಅಪ್ಪ ಅವಳ ಕೈ ಹಿಡಿದಿದ್ದ. "ಮಬ್ಬಿರ್ಲಿ, ಎಲ್ಲಾ ಕಡೆ ಒಂದೇ ಸಮ ಇದೆ. ಇದನ್ನ ಮುಟ್ಟಬೇಡ."

ಆ ಭಾನುವಾರ ಬೆಳಿಗ್ಗೆ ಅವಳ ಹೆಣ್ಣಿನ ಡಬ್ಬದಲ್ಲಿ ಮೂರು ಕಂದು ಕಂಡವು. ಅವಳು ಆ ಇಡೀ ಸಂಸಾರವನ್ನು ಒಂಬತ್ತನೇ ತೊಟ್ಟಿಗೆ ಸುರಿದಳು. ಇನ್ನು ಉಳಿದದ್ದು ಒಂದೇ ಡಬ್ಬ. ಅದರಲ್ಲೂ ಕಂದು ಬಂದರೆ ಅವಳ ನೀಲಿ ಈ ಲೋಕದಿಂದಲೇ ಹೋದಂತೆ. ಅವಳು ಅಪ್ಪನ ಹೆಣ್ಣಿನ ಮರಿಗಳನ್ನು ಎಣಿಸಲು ಬಿಳಿ ತಟ್ಟೆ ಮುಂದಿಟ್ಟುಕೊಂಡಳು.

"ತಡಿ," ಎಂದ ಅಪ್ಪ. "ಎಣಿಸೋಕೆ ಮುಂಚೆ ಒಂದು ಮಾತು. ಆ ಪಾಚಿ ನಾನೇ ಹಾಕಿದ್ದು."

"ಗೊತ್ತು."

"ನಿಂಗೆ ಗೊತ್ತು ಅಂತ ನಂಗೂ ಗೊತ್ತು. ನನ್ನ ಗಂಟು ಹಾಗೆಲ್ಲ ಬಿಚ್ಚಿಕೊಳ್ಳಲ್ಲ ಕಣೇ. ಕಲ್ಲಿನ ಮೇಲಿಂದ ದಾರ ಮಾಯ ಆದಾಗ್ಲೇ ತಿಳೀತು."

ಅವಳು ತಟ್ಟೆ ಕೆಳಗಿಟ್ಟಳು. "ಮತ್ತೆ ಇಷ್ಟು ದಿನ ಬಾಯಿಗೆ ಬೀಗ ಯಾಕೆ ಹಾಕ್ಕೊಂಡಿದ್ದೆ?"

"ಮೊದ್ಲು ಹಾಳಾದ ಗೋಡೆ ಸರಿ ಮಾಡೋಣ, ಆಮೇಲೆ ಬೈಸ್ಕೊಳ್ಳೋಣ ಅಂತ. ನೀನ್ಯಾಕೆ ಬೈಲಿಲ್ಲ?"

"ಬೈದಿದ್ರೆ ನೀನು ವಾಪಸ್ ಹೋಗಿ ಗೋಡೆ ನೋಡ್ತಾ ಕೂತಿರ್ತಿದ್ದೆ."

ಅಪ್ಪ ಟಾರ್ಚ್ ಹೊತ್ತಿಸಿದ. ಅವಳು ಚಮಚದಲ್ಲಿ ಒಂದೊಂದೇ ಮರಿಯನ್ನು ತಟ್ಟೆಗೆ ಬಿಡುತ್ತಾ ಹೋದಳು. ಒಂದು, ನೀಲಿ. ಎರಡು, ನೀಲಿ. ಹತ್ತನೆಯದೂ ನೀಲಿ. ಹತ್ತೊಂಬತ್ತನೆಯದು ಕಂದಿನಂತೆ ಕಂಡು ಇಬ್ಬರೂ ಬಗ್ಗಿದರು. ಬೆನ್ನಿಗಂಟಿದ್ದ ಎಲೆಯ ಚೂರು ನೀರಿನಲ್ಲಿ ಕಳಚಿ ತೇಲಿತು. ಅದೂ ನೀಲಿ. ಇಪ್ಪತ್ತೇಳನೆಯದು ಕೊನೆಯದು. ಅಷ್ಟೂ ನೀಲಿ, ಕಾಲಿನ ತುದಿಯವರೆಗೂ.

ಅವಳ ಕಣ್ಣು ತುಂಬಿತು. ಅಪ್ಪ ಟಾರ್ಚ್ ಆರಿಸಿ, ಸ್ಟೂಲನ್ನು ಮಗಳ ಕಡೆ ತಿರುಗಿಸಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಸರಿಯಾಗಿ ಕೂತ.

"ಹೂಂ. ಈಗ ಬೈ."

ಬೈದಳು. ಒಂದೂವರೆ ವರ್ಷದ್ದನ್ನೆಲ್ಲ ಒಟ್ಟಿಗೆ ಬೈದಳು. ಕೇಳದೆ ಕೈಹಾಕಿದ್ದಕ್ಕೆ, ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗಲೂ ಬಾಯಿಬಿಡದಿದ್ದಕ್ಕೆ, ಆರು ವರ್ಷದ ಕೆಲಸವನ್ನು ಒಂದು ಹಿಡಿ ಪಾಚಿಯಲ್ಲಿ ಮುಳುಗಿಸಿದ್ದಕ್ಕೆ. ಅಳುತ್ತಾ ಬೈದಳು, ಮೂಗು ಒರೆಸಿಕೊಂಡು ಮತ್ತೆ ಬೈದಳು. ಬೈಯುತ್ತಲೇ ಎದ್ದು ಡಬ್ಬಿ ತೆರೆದು, ಹಳದಿ ದಾರದ ತುಂಡನ್ನೂ ಒಂದು ಕಲ್ಲನ್ನೂ ಅವನ ಮಡಿಲಿಗೆ ಹಾಕಿದಳು.

"ಈ ಮರಿಗಳಿಗೆ ಅಡಗೋಕೆ ಜಾಗ ಬೇಕು. ನೀನೇ ಕಟ್ಟು. ಪಾಚಿ ಮಾತ್ರ ಇವುಗಳ ಅಮ್ಮನ ಡಬ್ಬದಿಂದಲೇ ತಗೋ, ಕೇಳಿಸ್ತಾ?"

"ಕೇಳಿಸ್ತು," ಎಂದು ಅಪ್ಪ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗಂಟು ಹಾಕತೊಡಗಿದ.