ಜೋರಾಗಿ ಹೇಳಿದ್ದಕ್ಕೆ ಅಂಕ

ಕೈ ತೊಳೆದಿಲ್ಲ ಎಂಬ ಕಾರಣಕ್ಕೆ ಗುಮ್ಮಿ ಮೊದಲ ಸಲ ಫೇಲಾದಳು.

ತೊಳೆದಿದ್ದಳು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು, ಒಂದನ್ನೂ ಬಿಡದೆ ಚರ್ಮ ಕೆಂಪಾಗುವಷ್ಟು ಉಜ್ಜಿ ತೊಳೆದಿದ್ದಳು. ಪರದೆ ಎಳೆದಿದ್ದಳು, ಮಂಚದ ಚಕ್ರಕ್ಕೆ ಬ್ರೇಕ್ ಹಾಕಿದ್ದಳು, ರೋಗಿಯ ಜಾಗದಲ್ಲಿ ಮಲಗಿಸಿದ್ದ ರಬ್ಬರ್ ಬೊಂಬೆಯನ್ನು ಅದಕ್ಕೂ ನೋವಾದೀತೇನೋ ಎಂಬಷ್ಟು ಹಗುರವಾಗಿ ಪಕ್ಕಕ್ಕೆ ಹೊರಳಿಸಿದ್ದಳು. ಆದರೆ ಬಾಯಿ ಬಿಟ್ಟಿರಲಿಲ್ಲ. ಪರೀಕ್ಷಕಿ ಮೇಜಿನ ಹಿಂದೆ ಕೂತು ಹಾಳೆಯ ಮೇಲೆ ತಲೆ ಬಗ್ಗಿಸಿಕೊಂಡೇ ಇದ್ದರು. ಪ್ರಾಕ್ಟಿಕಲ್ ನರ್ಸ್ ಎಂಬ ಸಹಾಯಕ ನರ್ಸಿನ ಲೈಸೆನ್ಸ್ ಪರೀಕ್ಷೆಯಲ್ಲಿ ಮಾಡುವ ಪ್ರತಿಯೊಂದನ್ನೂ ಮಾಡುತ್ತಲೇ ಜೋರಾಗಿ ಹೇಳಬೇಕು. ಕಿವಿಗೆ ಬಿದ್ದದ್ದಕ್ಕೆ ಮಾತ್ರ ಅಂಕ.

"ಬಾಯಲ್ಲಿ ಹೇಳದೆ ಇದ್ರೆ ಮಾಡಿದ ಹಾಗಲ್ಲ ಅಂತ ಮೊದಲನೇ ಕ್ಲಾಸಿಂದ ಬಡ್ಕೋತಾ ಇದ್ದೀನಿ," ಎಂದರು ತರಬೇತಿ ಶಾಲೆಯ ಟೀಚರ್. "ನಿನ್ನ ಕಿವಿಗೆ ಬೀಳ್ಲಿಲ್ವಾ?"

"ಬಿತ್ತು."

"ಮತ್ತೆ?"

ಗುಮ್ಮಿ ನೆಲ ನೋಡಿದಳು.

"ನೋಡು, ಈಗ್ಲೂ ಅದೇ."

ಅವಳ ಹೆಸರು ಗುಮ್ಮಿಯಲ್ಲ. ನೆಂಟರು ಬಂದಾಗೆಲ್ಲ ಬಾಗಿಲ ಹಿಂದೆ ಸೇರಿಕೊಳ್ಳುತ್ತಿದ್ದ ಹುಡುಗಿಯನ್ನು ದೊಡ್ಡಮ್ಮ ಗುಮ್ಮನಗುಸುಕಿ ಎಂದು ಬೈಯುತ್ತಿದ್ದಳು. ಬೈಗುಳ ಸವೆದು ಸವೆದು ಗುಮ್ಮಿಯಾಗಿ ಉಳಿದಿತ್ತು. ಡಿಗ್ರಿ ಮುಗಿಸಿದವಳು ಟೀಚರ್ ಆಗಬಹುದಿತ್ತು, ಬ್ಯಾಂಕಿನ ಕೌಂಟರಿನಲ್ಲಿ ಕೂರಬಹುದಿತ್ತು. ಎರಡಕ್ಕೂ ಮಾತು ಬೇಕು. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಬಿಪಿ ನೋಡುವುದು, ಗಾಯಕ್ಕೆ ಬಟ್ಟೆ ಕಟ್ಟುವುದು, ಇವಕ್ಕೆ ಕೈ ಸಾಕು ಎಂದುಕೊಂಡೇ ಅವಳು ಈ ಕೋರ್ಸಿಗೆ ಸೇರಿದ್ದು. ಇಲ್ಲಿಯೂ ಬಾಯಿಯೇ ಅಡ್ಡ ಬಂತು. ಆ ದಿನ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು, ಕಣ್ಣೀರೂ ಬಾರದಂಥ ಸಿಟ್ಟಿನಲ್ಲಿ ಅವಳು ಮನೆಗೆ ಬಂದಳು.

ಮಾರನೆಯ ದಿನದಿಂದಲೇ ಮನೆಯ ನಡುಕೋಣೆ ಆಸ್ಪತ್ರೆಯಾಯಿತು. ರೋಗಿಯಾಗಲು ದೊಡ್ಡಮ್ಮ ಒಪ್ಪಿದಳು. ಮಧ್ಯಾಹ್ನ ಹೇಗೂ ಮಲಗುವವಳು, ಜೊತೆಗೆ ಪುಣ್ಯವೂ ಬಂದರೆ ಬರಲಿ ಎಂಬ ಲೆಕ್ಕ. ಗುಮ್ಮಿಗೆ ಮನುಷ್ಯರ ಮುಖ ನೋಡಿಕೊಂಡು ಹೇಳಲು ಆಗುತ್ತಿರಲಿಲ್ಲ. ಎದುರುಗೋಡೆಯಲ್ಲಿ ಒಂದು ಮೊಳೆ ಇತ್ತು. ಅದನ್ನೇ ಪರೀಕ್ಷಕಿ ಎಂದುಕೊಂಡು ಅದರ ಮೇಲೆ ಕಣ್ಣು ನೆಟ್ಟು ಕೂಗಿದಳು: "ಈಗ ನಾನು ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸುತ್ತಿದ್ದೇನೆ."

"ಯಾವ ರೋಗಿನೇ? ಕಲ್ಲುಗುಂಡಿನ ಹಾಗಿದ್ದೀನಿ ನಾನು," ಎಂದಳು ದೊಡ್ಡಮ್ಮ.

"ನೀವು ಸುಮ್ನಿರಬೇಕು ದೊಡ್ಡಮ್ಮ. ಬೊಂಬೆ ಮಾತಾಡಲ್ಲ."

"ಅಯ್ಯೋ, ರೋಗಿ ಆಗು ಅಂದೆ, ಆದೆ. ಈಗ ಬೊಂಬೆನೂ ಆಗ್ಬೇಕಾ?"

ಅಕ್ಕನ ಗಂಡ ಸರಕಿನ ವ್ಯಾನ್ ಓಡಿಸುವವನು. ಊಟಕ್ಕೆ ಬಂದಾಗ ಬಾಗಿಲಲ್ಲೇ ನಿಂತು ಕೈ ಮುಗಿದ. "ಆಕಾಶವಾಣಿ ಶುರುವಾಯ್ತು. ವಾರ್ತೆ ಆಯ್ತು, ಹವಾಮಾನ ಯಾವಾಗ ನಾದಿನಿ?"

"ಸುಮ್ನಿರಿ ಭಾವ."

"ನಾನು ಸುಮ್ನಿದ್ರೂ ನೀನಿರಲ್ವಲ್ಲ. ಬೀದಿ ತುದೀಲಿ ಗಾಡಿ ನಿಲ್ಲಿಸಿದಾಗ್ಲೇ ಗೊತ್ತಾಯ್ತು, ದೊಡ್ಡಮ್ಮ ಎಡಕ್ಕೆ ಹೊರಳಿದ್ರು ಅಂತ."

ಎಲ್ಲರೂ ನಕ್ಕರು. ಗುಮ್ಮಿ ನಗಲಿಲ್ಲ. ದಿನವೂ ಕೂಗಿ ಕೂಗಿ ದನಿ ಒಡೆಯಿತು, ಸರಿಹೋಯಿತು, ಮತ್ತೆ ಒಡೆಯಿತು. ಕೊನೆಗೆ ಕೈ ಎದ್ದರೆ ಬಾಯಿ ತಾನಾಗಿಯೇ ಎದ್ದು ಬರುವಂತಾಯಿತು. ಅಮ್ಮನಿಗೆ ಪಾತ್ರೆ ತೊಳೆದುಕೊಡುವಾಗಲೂ "ಈಗ ಲೋಟವನ್ನು ತೊಳೆಯುತ್ತಿದ್ದೇನೆ" ಎಂದುಬಿಟ್ಟು ತುಟಿ ಕಚ್ಚಿಕೊಂಡಳು.

ಎರಡನೆಯ ಸಲ ಪಾಸಾದಳು. ಪರೀಕ್ಷಕಿ ತಲೆ ಎತ್ತದೆಯೇ "ಚೆನ್ನಾಗಿ ಹೇಳಿದೆ" ಎಂದರು. ಚೆನ್ನಾಗಿ ಮಾಡಿದೆ ಎನ್ನಲಿಲ್ಲ.

ಲೈಸೆನ್ಸ್ ಬಂತು. ಅದರಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವಳಂಥ ಫೋಟೋ. ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಗೆ ಬಂದವರಿಗೆಲ್ಲ ತೋರಿಸಿದಳು. ಕೆಲಸ ಮಾತ್ರ ಬರಲಿಲ್ಲ. ಹೋದಕಡೆಯೆಲ್ಲ ಒಂದೇ ಪ್ರಶ್ನೆ, ಅನುಭವ ಇದೆಯಾ? ಒಬ್ಬರಾದರೂ ಕೆಲಸ ಕೊಡದೆ ಅನುಭವ ಆಕಾಶದಿಂದ ಉದುರುತ್ತದೆಯೇ ಎಂದು ಕೇಳುವಷ್ಟು ಸಿಟ್ಟು ಅವಳಲ್ಲಿತ್ತು, ಕೇಳುವ ಬಾಯಿ ಇರಲಿಲ್ಲ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಗೇಟಿನವನೇ ಅರ್ಜಿ ಇಸಕೊಂಡು ಅದರ ಮೇಲೆ ತನ್ನ ಟೀ ಫ್ಲಾಸ್ಕ್ ಇಟ್ಟ. ಇನ್ನೊಂದು ಕಡೆ, "ಡಿಗ್ರಿ ಮಾಡಿದೀಯಲ್ಲ, ಇದ್ಯಾಕೆ ಬೇಕಿತ್ತು?" ಎಂದರು. ಹಾಗೆ ಕೇಳಿದವರ ಬಳಿಯೂ ಬೇರೆ ಕೆಲಸವೇನೂ ಇರಲಿಲ್ಲ.

"ಡ್ರೈವಿಂಗ್ ಲೈಸೆನ್ಸ್ ತಗೊಂಡಿದ್ರೆ ನನ್ನ ವ್ಯಾನಾದ್ರೂ ಕೊಡ್ತಿದ್ದೆ," ಎಂದ ಭಾವ. ಈ ಸಲ ಅಮ್ಮನೂ ನಗಲಿಲ್ಲ.

ಕೊನೆಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರದಿಂದ ಕರೆ ಬಂತು. ಅಲ್ಲಿನ ಹಿರಿಯ ಸಿಸ್ಟರ್ ಫೋನಿನಲ್ಲೇ ವಿಷಯ ಮುಗಿಸಿದರು. "ಒಂದಿನ ಬಂದು ಮಾಡಿ ತೋರಿಸು. ಸರಿ ಅನ್ನಿಸಿದ್ರೆ ಇಟ್ಕೋತೀವಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರ್ದು."

ಹೆಂಗಸರ ವಾರ್ಡು ಉದ್ದನೆಯ ಕೋಣೆ. ಎರಡೂ ಕಡೆ ಮಂಚಗಳು, ಮಂಚಕ್ಕೊಂದು ಮಾಸಿದ ಹಸಿರು ಪರದೆ, ಫಿನಾಯಿಲ್ ಜೊತೆಗೆ ಬೆಂದ ಅನ್ನದ ವಾಸನೆ. ಕಿಟಕಿಯ ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡ ಮುದುಕಿಯೊಬ್ಬಳಿದ್ದಳು. ಹಿಂದೆ ಬಸ್ ಕಂಡಕ್ಟರ್ ಆಗಿದ್ದವಳು, ಈಗ ಎಲ್ಲರಿಗೂ ಕಂಡಕ್ಟರಮ್ಮ. ಗುಮ್ಮಿ ಒಳಗೆ ಬಂದು ತಬ್ಬಿಬ್ಬಾಗಿ ನಿಂತದ್ದೇ ತಡ, ಆ ಕಡೆಯಿಂದ ದನಿ ಬಂತು.

"ಏ ಹೊಸ ಹುಡುಗಿ, ಮುಂದಕ್ಕೆ ಹೋಗು. ಬಾಗ್ಲಲ್ಲಿ ನಿಂತ್ರೆ ಹಿಂದಿನೋರು ಹತ್ತೋದು ಹೇಗೆ?"

ವಾರ್ಡಿಗೆ ವಾರ್ಡೇ ನಕ್ಕಿತು. ಗುಮ್ಮಿಯೂ, ಬಹಳ ದಿನಗಳ ನಂತರ.

ಬೆಳಗ್ಗೆಯೆಲ್ಲ ಕೆಲಸ ಸುಸೂತ್ರವಾಗಿಯೇ ನಡೆಯಿತು. ಗೋಡೆಯ ಮೇಲೊಂದು ಕಲೆ ಹುಡುಕಿಕೊಂಡು ಅದಕ್ಕೆ ಹೇಳುತ್ತ ಹೋದಳು: ಕೈ ತೊಳೆಯುತ್ತಿದ್ದೇನೆ, ಬಿಪಿ ಪಟ್ಟಿ ಸುತ್ತುತ್ತಿದ್ದೇನೆ. ಕೆಲವರು ಕಿಸಕ್ಕೆಂದರು, ಕೆಲವರು ಹುಬ್ಬು ಏರಿಸಿದರು. ಬಾಯಿ ಮುಚ್ಚಿದರೆ ಅಂಕ ಹೋಗುತ್ತದೆ ಎಂಬ ಹೆದರಿಕೆ ಅವಳ ಮೈಗೇ ಅಂಟಿಬಿಟ್ಟಿತ್ತು.

ಮಧ್ಯಾಹ್ನ ನೆಂಟರು ಬರುವ ಹೊತ್ತು. ಮಂಚಗಳ ಸುತ್ತ ಸ್ಟೂಲುಗಳು, ಹಣ್ಣಿನ ಚೀಲಗಳು, ಮಕ್ಕಳ ಗಲಾಟೆ. ಕಂಡಕ್ಟರಮ್ಮನ ತಮ್ಮನ ಮಗನೂ ಅವನ ಹೆಂಡತಿಯೂ ಆಗಷ್ಟೇ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದರು. ಮುದುಕಿಯನ್ನು ಎಬ್ಬಿಸಿ ಕೂರಿಸೋಣವೆಂದು ಗುಮ್ಮಿ ಹೊದಿಕೆ ಸರಿಸಿದಳು. ಕೈಗೆ ತೇವ ತಾಗಿತು. ಅವಳ ಕಣ್ಣು ಗೋಡೆಯ ಕಲೆಗೆ ಹೋಯಿತು, ಬಾಯಿ ತನ್ನಷ್ಟಕ್ಕೆ ತೆರೆಯಿತು, ತಿಂಗಳುಗಟ್ಟಲೆ ಪಳಗಿಸಿದ ಆ ಗಟ್ಟಿ ದನಿ ಹೊರಬಂತು.

"ರೋಗಿಯ ಹಾಸಿಗೆ ಮೂತ್ರದಿಂದ ಒದ್ದೆಯಾಗಿದೆ. ಬಟ್ಟೆ ಬದಲಾಯಿಸುತ್ತಿದ್ದೇನೆ. ರೋಗಿಯ ಖಾಸಗಿತನ ಕಾಪಾಡಲು ಪರದೆ ಎಳೆಯುತ್ತಿದ್ದೇನೆ."

ಪಕ್ಕದ ಮಂಚದ ಬಳಿ ಯಾರದೋ ಮಗು, "ಅಮ್ಮಾ, ಆ ಅಜ್ಜಿ ಉಚ್ಚೆ ಮಾಡ್ಕೊಂಡ್ರಾ?" ಎಂದಿತು. ಕಂಡಕ್ಟರಮ್ಮ ಗುಮ್ಮಿಯ ಕೈಯಿಂದ ಹೊದಿಕೆ ಕಿತ್ತುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸಿಸ್ಟರ್ ಗುಮ್ಮಿಯನ್ನು ರೆಟ್ಟೆ ಹಿಡಿದು ಹೊರಗಿನ ಮೊಗಸಾಲೆಗೆ ಎಳೆದುಕೊಂಡು ಹೋದರು. "ಏನೇ ಅದು? ಬಸ್‌ಸ್ಟ್ಯಾಂಡ್ ಮೈಕಾ ನಿನ್ನ ಬಾಯಿ?"

"ಪರೀಕ್ಷೇಲಿ ಹಾಗೇ ಹೇಳ್ಬೇಕು ಸಿಸ್ಟರ್. ಹೇಳಿಲ್ಲ ಅಂತ ನಂಗೆ ಒಂದ್ಸಲ..."

"ಪರೀಕ್ಷೆ ಮುಗೀತಲ್ಲ ತಾಯಿ."

ಈ ಮಾತಿಗೆ ಗುಮ್ಮಿಗೆ ಸಿಟ್ಟು ಬಂತು. ಮುಗೀತು ಎಂದು ಯಾರು ಹೇಳಿದ್ದರು? ಬಾಯಿ ಮುಚ್ಚಿದ್ದಕ್ಕೆ ಫೇಲು ಮಾಡಿದವರು ಅವರು, ಬಾಯಿ ತೆಗೆದದ್ದಕ್ಕೆ ಬೈಯುವವರು ಇವರು. ನಡುವೆ ಎಲ್ಲಿ ನಿಲ್ಲಿಸಬೇಕೆಂದು ಯಾವ ಪುಸ್ತಕದಲ್ಲಿತ್ತು? ಆದರೆ ಕಿಟಕಿಯ ಕಡೆ ತಿರುಗಿದ ಆ ಬೆನ್ನು ಕಣ್ಣ ಮುಂದೆಯೇ ಇತ್ತು. ಅದರೆದುರು ಅವಳ ಸಿಟ್ಟಿಗೂ ನಾಚಿಕೆಯಾಯಿತು.

"ಒದ್ದೇಲೇ ಮಲಗಿದ್ದಾರೆ. ನನ್ನನ್ನೂ ಹತ್ರ ಬಿಡ್ತಿಲ್ಲ," ಎಂದರು, ಒಳಗೆ ಹೋಗಿ ಪರದೆ ಎಳೆದು ಬಂದ ಸಿಸ್ಟರ್. "ನೀನೇ ಹೋಗಿ ಬದಲಾಯಿಸ್ಬೇಕು. ಆಗ್ಲಿಲ್ವೋ, ಬ್ಯಾಗ್ ತಗೊಂಡು ಹೊರಡು."

ಗುಮ್ಮಿ ಒಣಗಿದ ಬಟ್ಟೆ ಹಿಡಿದು ಪರದೆಯೊಳಗೆ ಹೋದಳು. ಹೊರಗೆ ತಮ್ಮನ ಮಗ ಯಾರಿಗೋ ಫೋನ್ ಮಾಡುತ್ತಿದ್ದ.

"ಬಂದ್ಯಾ?" ಕಂಡಕ್ಟರಮ್ಮ ತಿರುಗಲಿಲ್ಲ. "ಇನ್ನೇನು ಬಾಕಿ ಇದೆ? ಬೀದಿಗೆ ಹೋಗಿ ಡಂಗುರ ಸಾರು."

ಗುಮ್ಮಿ ಮಂಚದ ಪಕ್ಕ ನೆಲದ ಮೇಲೆ ಕೂತಳು. "ತಪ್ಪಾಯ್ತು," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ಅದನ್ಯಾಕೆ ಪಿಸುಗುಡ್ತೀಯ? ಗಂಟಲು ಚೆನ್ನಾಗಿತ್ತಲ್ಲ."

"ಏನ್ ಮಾಡ್ಲಿ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ."

ಮುದುಕಿ ಇತ್ತ ಮುಖ ತಿರುಗಿಸಿದಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಆ ಜಗ್ಗಲ್ಲಿ ನೀರಿದೆ. ನೀನು ಅದನ್ನ ನನ್ ಮೇಲೆ ಚೆಲ್ಲಿದೆ. ಬೈತಾರೆ ಅಂತ ಹೆದರಿ ಆ ಸುಳ್ಳು ಹೇಳಿದೆ. ಹೊರಗೆ ಹೋಗಿ ಹೇಳು. ಅದೇ ಗಂಟಲಲ್ಲಿ ಹೇಳ್ಬೇಕು."

ಗುಮ್ಮಿ ಜಗ್ಗಿನ ಕಡೆ ನೋಡಿದಳು. ಇವತ್ತೊಂದು ದಿನ ಸರಿಯಾಗಿ ಮಾಡಿದರೆ ಕೆಲಸ. ನೀರು ಚೆಲ್ಲಿದವಳನ್ನು, ಅದನ್ನು ಮುದುಕಿಯ ತಲೆಗೆ ಕಟ್ಟಿದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಮನೆಯಲ್ಲಿ ಅಮ್ಮ ಬಾಗಿಲಿಗೇ ಕಾದು ಕೂತಿರುತ್ತಾಳೆ. ಮತ್ತೆ ಆ ಗೇಟುಗಳು, ಆ ಪ್ರಶ್ನೆ. ಅಳು ಒತ್ತರಿಸಿ ಬಂತು.

"ಆಗಲ್ವಾ? ಹಾಗಾದ್ರೆ ಹೋಗು. ನನಗಿದೇ ಬೆಚ್ಚಗಿದೆ."

ಗುಮ್ಮಿ ಎದ್ದಳು. ಜಗ್ಗನ್ನು ಕೈಗೆತ್ತಿಕೊಂಡು ಪರದೆಯಿಂದ ಹೊರಬಂದಳು. ಗೋಡೆಯ ಕಲೆಗೆ ಹೇಳಿಬಿಡಬಹುದಿತ್ತು. ಆದರೆ ಈಗ ನೋಡಬೇಕಾದದ್ದು ಜನರನ್ನು. ತಮ್ಮನ ಮಗ, ಅವನ ಹೆಂಡತಿ, ಆ ಮಗುವಿನ ತಾಯಿ, ಬಾಗಿಲಲ್ಲಿ ನಿಂತ ಸಿಸ್ಟರ್. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನೀರು ಚೆಲ್ಲಿದ್ದು ನಾನು. ಜಗ್ ಕೈಜಾರಿತು. ಬೈತಾರೆ ಅಂತ ಹೆದರಿ ಅವರ ಮೇಲೆ ಹೇಳಿಬಿಟ್ಟೆ. ಅವರದ್ದೇನೂ ತಪ್ಪಿಲ್ಲ."

"ನಾಚ್ಕೆ ಆಗ್ಬೇಕು ನಿನಗೆ," ಎಂದ ತಮ್ಮನ ಮಗ. "ಸಿಸ್ಟರ್, ಇಂಥವರನ್ನ ಎಲ್ಲಿಂದ ಹಿಡ್ಕೊಂಡು ಬರ್ತೀರಿ?"

"ನಾನು ಆಗ್ಲೇ ಅಂದ್ಕೊಂಡೆ, ಅತ್ತೆ ಹಾಗೆಲ್ಲ ಮಾಡ್ಕೊಳೋರಲ್ಲ ಅಂತ," ಎಂದಳು ಅವನ ಹೆಂಡತಿ.

ಗುಮ್ಮಿ ಒಳಗೆ ಹೋದಳು. ಕಂಡಕ್ಟರಮ್ಮ ತಾನಾಗಿಯೇ ಸ್ವಲ್ಪ ಮೇಲೆದ್ದು ಕೊಟ್ಟಳು. ಒದ್ದೆ ಹಾಸು ತೆಗೆದದ್ದೂ, ಮೈ ಒರೆಸಿದ್ದೂ, ಒಣಗಿದ ಬಟ್ಟೆ ತೊಡಿಸಿದ್ದೂ ಸದ್ದಿಲ್ಲದೆ ನಡೆಯಿತು. ಒಮ್ಮೆ ಮಾತ್ರ ಗುಮ್ಮಿ ಬಗ್ಗಿ, "ಸೊಂಟ ನೋಯುತ್ತಾ?" ಎಂದು ಕೇಳಿದಳು. "ಇಲ್ಲ," ಎಂದಳು ಕಂಡಕ್ಟರಮ್ಮ. ಥ್ಯಾಂಕ್ಸ್ ಹೇಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಸಂಜೆ ಸಿಸ್ಟರ್ ತಮ್ಮ ಕೋಣೆಗೆ ಕರೆದರು. "ಅದು ನೀರಲ್ಲ ಅಂತ ನನಗೆ ಗೊತ್ತು. ಮೂಗಿರೋರಿಗೆಲ್ಲ ಗೊತ್ತು. ಆದ್ರೆ ಆ ಮನುಷ್ಯ ಹೋಗಿ ಮಾಲೀಕರ ಹತ್ರ ದೂರು ಕೊಟ್ಟಿದ್ದಾನೆ. ಈಗ ನಾನು ನಿಜ ಹೇಳಿದ್ರೆ ಆ ಮುದುಕಿ ಮಾನ ಮತ್ತೆ ಹೋಗುತ್ತೆ."

"ಮತ್ತೆ ನಾನು?"

"ಯಾರಾದ್ರೂ ರಜ ಹಾಕಿದ ದಿನ ಫೋನ್ ಮಾಡ್ತೀನಿ. ಸದ್ಯಕ್ಕೆ ಇಷ್ಟೇ ನನ್ನ ಕೈಲಾಗೋದು."

ಗುಮ್ಮಿ ತಲೆಯಾಡಿಸಿ ಹೊರಬಂದಳು. ಸುಮ್ಮನಿದ್ದರೂ ತಪ್ಪು, ನಿಜ ಹೇಳಿದರೂ ತಪ್ಪು, ಸುಳ್ಳು ಹೇಳಿದರೂ ತಪ್ಪು. ಮನೆಯಲ್ಲಿ ಅಮ್ಮ "ಏನಂದ್ರು?" ಎಂದಾಗ "ಫೋನ್ ಮಾಡ್ತಾರಂತೆ" ಎಂದು ನೇರ ಒಳಗೆ ಹೋಗಿ ಮಲಗಿದಳು. ಭಾವ ಏನೋ ಹೇಳಲು ಬಾಯಿ ತೆರೆದವನು ದೊಡ್ಡಮ್ಮನ ಕಣ್ಣು ನೋಡಿ ಮುಚ್ಚಿಕೊಂಡ.

ಬೆಳಗ್ಗೆ ಎದ್ದಾಗಲೂ ಸಿಟ್ಟು ಇಳಿದಿರಲಿಲ್ಲ. ಫೋನಿನ ಮುಂದೆ ಕಾದು ಕೂರುವುದನ್ನು ನೆನೆಸಿಕೊಂಡರೇ ಮೈ ಉರಿಯಿತು. ಸ್ನಾನ ಮಾಡಿ, ಯೂನಿಫಾರಂ ಇಸ್ತ್ರಿ ಮಾಡಿ ಹಾಕಿಕೊಂಡು, ಅಮ್ಮ ಕೇಳಿದ್ದಕ್ಕೂ ನಿಲ್ಲದೆ ಹೊರಟಳು.

ಆರೈಕೆ ಕೇಂದ್ರದ ಹಿಂಬಾಗಿಲಲ್ಲಿ ಸಿಸ್ಟರ್ ಸಿಕ್ಕಿದರು. ಒಗೆದು ಬಂದ ಹಾಸುಗಳ ರಾಶಿಯನ್ನು ಗದ್ದದವರೆಗೆ ಅಪ್ಪಿಕೊಂಡು, ಕಾಲಿನಿಂದ ಬಾಗಿಲು ತಡೆದು ನಿಂತಿದ್ದರು.

"ಯಾರೂ ರಜ ಹಾಕಿಲ್ವಲ್ಲ ಇವತ್ತು."

"ಗೊತ್ತು."

"ಮತ್ಯಾಕೆ ಬಂದೆ? ಆಯ್ತು, ಬಂದಿದೀಯ, ಇದನ್ನ ಹಿಡ್ಕೋ. ಕೈ ಬಿದ್ದುಹೋಗ್ತಿದೆ."

ಗುಮ್ಮಿಯ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದುಕೊಂಡಳು. "ಇವತ್ತಿಂದ ಕೆಲಸಕ್ಕಿದ್ದಾಳೆ ಅಂತ ಬರ್ಕೋತೀರಾ?"

"ಏನೇ ಇದು, ಬಾಗ್ಲಲ್ಲಿ ನಿಲ್ಲಿಸ್ಕೊಂಡು? ಮೊದ್ಲು ಹಿಡ್ಕೋ."

"ಬರ್ಕೋತೀನಿ ಅನ್ನಿ. ಹಿಡ್ಕೋತೀನಿ."

"ಮಾಲೀಕರು ಕೇಳಿದ್ರೆ?"

"ನೀರು ಚೆಲ್ಲಿದ್ದು ನಾನೇ ಅಂತ ಅವರಿಗೂ ಹೇಳ್ತೀನಿ. ಇನ್ಮೇಲೆ ಚೆಲ್ಲಲ್ಲ ಅಂತಾನೂ ಹೇಳ್ತೀನಿ."

ಮೇಲಿನ ಹಾಸೊಂದು ಜಾರತೊಡಗಿತ್ತು. ಸಿಸ್ಟರ್ ಗದ್ದದಿಂದ ಅದನ್ನು ಒತ್ತಿ ಹಿಡಿದು ಅವಳನ್ನು ದುರುಗುಟ್ಟಿ ನೋಡಿದರು. ಗುಮ್ಮಿ ಕಣ್ಣು ತಗ್ಗಿಸಲಿಲ್ಲ.

"ಬರ್ಕೋತೀನಿ ಮಾರಾಯ್ತಿ," ಎಂದರು ಸಿಸ್ಟರ್.

ಗುಮ್ಮಿ ಎರಡೂ ಕೈ ಚಾಚಿ ರಾಶಿಯನ್ನು ಇಸಿದುಕೊಂಡಳು.