ರುಮೆನ್‌ನ ಮುಖ

ಶವಪೆಟ್ಟಿಗೆಯ ಮುಚ್ಚಳದ ಸಂದಿಗೆ ಉಗುರು ತೂರಿಸಿ ಎಬ್ಬಿಸಲು ಹೊರಟ ನೆವೆನಾಳ ಕೈಯನ್ನು ಬೆರಿಲ್ ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ ಮಗಳೇ. ಮೊಳೆ ಹೊಡೆದಾಗಿದೆ."

"ಕೀಳಿ. ಅಪ್ಪನಿಗೆ ಕೊನೇ ಮುತ್ತು ಕೊಡಬೇಕು. ಹಣೆಗೆ ಮುತ್ತು ಕೊಡದೆ ನಮ್ಮಲ್ಲಿ ಯಾರನ್ನೂ ಮಣ್ಣಿಗೆ ಇಡಲ್ಲ."

ನೆವೆನಾ ಬಲ್ಗೇರಿಯಾದಿಂದ ಆ ಬೆಳಗ್ಗೆಯಷ್ಟೇ ಮೆಲ್ಬರ್ನ್‌ಗೆ ಬಂದಿಳಿದವಳು. ವಿಮಾನ ಹತ್ತುವಾಗಲೇ ಕಪ್ಪು ಬಟ್ಟೆ ತೊಟ್ಟಿದ್ದಳು. ಪಬ್ಬಿನ ಮಹಡಿಯಲ್ಲಿ ಅವಳ ಸುತ್ತ ನಿಂತಿದ್ದ ಫಿಟ್ಜ್‌ರಾಯ್ ಬಡಾವಣೆಯ ಚಿತ್ರಕಾರರೆಲ್ಲ ಹಳದಿ, ಕೆಂಪು, ನೇರಳೆಯಲ್ಲಿದ್ದರು. ಅಳುವವರನ್ನು ಕಂಡರೆ ಅವಳಪ್ಪ ರುಮೆನ್‌ಗೆ ಆಗುತ್ತಿರಲಿಲ್ಲ ಎಂದು ತಾವೇ ತೀರ್ಮಾನಿಸಿ, ಪೆಟ್ಟಿಗೆಗೂ ಹೂವು, ಹಕ್ಕಿ ಬರೆದು ಗದ್ದಲವೆಬ್ಬಿಸಿದ್ದರು.

"ಅವನಿಗೆ ಮಗಳಿದ್ದಾಳೆ ಅಂತಾನೇ ನಮಗೆ ಗೊತ್ತಿರ್ಲಿಲ್ಲ," ಎಂದ ಪಬ್ಬಿನ ಯಜಮಾನ ಕೆವ್. "ಪೊಲೀಸರು ಹೇಳಿದ ಮೇಲೇ ಗೊತ್ತಾಗಿದ್ದು."

"ನೀವು ಕೇಳಲೇ ಇಲ್ವಾ?"

ಕೇಳಿರಲಿಲ್ಲ. ಎಲ್ಲಿಂದಲೋ ಓಡಿಬಂದವರ ಹಿಂದಿನದನ್ನು ಕೆದಕಬಾರದು ಎನ್ನುವುದೇ ಈ ಬೀದಿಗಳ ದೊಡ್ಡಸ್ತಿಕೆ.

*

ಚಿತ್ರಕಾರನಾಗುತ್ತೇನೆಂದು ರುಮೆನ್ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಿಟ್ಟು ಬಂದವನು. ಕಮ್ಯುನಿಸ್ಟ್ ಸರ್ಕಾರವಿದ್ದ ಅಲ್ಲಿ ಆಗ ಹಾಗೆ ದೇಶ ಬಿಡುವುದೇ ದ್ರೋಹ. ಹಿಂದಿರುಗುವ ಮಾತೇ ಇರಲಿಲ್ಲ. ಬಂದ ಹೊಸದರಲ್ಲೇ ಪಾಸ್‌ಪೋರ್ಟ್ ಸುಟ್ಟುಬಿಟ್ಟ.

ಫಿಟ್ಜ್‌ರಾಯ್‌ಗೆ ಅವನ ಚಿತ್ರಗಳು ಬೇಕಾಗಲಿಲ್ಲ, ಮೈ ಬೇಕಾಯಿತು. ಬೆರಿಲ್ ಇದೇ ಮಹಡಿಯಲ್ಲಿ ನಡೆಸುತ್ತಿದ್ದ ಚಿತ್ರಕಲೆಯ ತರಗತಿಯಲ್ಲಿ ವರ್ಷಗಟ್ಟಲೆ ಬೆತ್ತಲೆ ನಿಂತ. ಕಲಿಯುವವರು ಬಂದರು, ಹೋದರು; ಅವನ ತೋಳು ಸೊರಗಿ ಹೊಟ್ಟೆ ಜೋತುಬಿತ್ತು.

"ನಾಚಿಕೆ ಆಗಲ್ವೇನಯ್ಯಾ?" ಎಂದು ಕೆವ್ ಒಮ್ಮೆ ಛೇಡಿಸಿದ್ದ.

"ಚಿತ್ರ ಬರೆಯೋಕೆ ಬಂದೆ, ಬರೆಸ್ಕೊಳ್ತಾ ಇದೀನಿ. ಅಷ್ಟೇ ವ್ಯತ್ಯಾಸ. ಇನ್ನೊಂದು ಗ್ಲಾಸ್ ಹಾಕು."

ಫೋಟೊಗೆ ಮಾತ್ರ ಮುಖ ಕೊಡುತ್ತಿರಲಿಲ್ಲ. ಎಲ್ಲಾದರೂ ಅಚ್ಚಾದರೆ ಊರಿನಲ್ಲಿರುವವರಿಗೆ ಕಷ್ಟ ಎನ್ನುತ್ತಿದ್ದ. ಅಲ್ಲಿನ ಸರ್ಕಾರ ಬಿದ್ದ ಮೇಲೂ ಆ ಹೆದರಿಕೆ ಹೋಗಲಿಲ್ಲ, ಪಾಪ.

*

"ಸುತ್ತಿಗೆ ಕೊಡಿ, ನಾನೇ ಕೀಳ್ತೀನಿ," ಎಂದಳು ನೆವೆನಾ. "ನಿಮ್ಮ ಬಣ್ಣ ಹಾಳಾದ್ರೆ ಆಗಲಿ."

"ಬಣ್ಣಕ್ಕಲ್ಲ ಕಣಮ್ಮಾ..." ಬೆರಿಲ್ ಕೆವ್‌ನತ್ತ ತಿರುಗಿದಳು.

ಕೆವ್ ನೆಲ ನೋಡುತ್ತ ಹೇಳಿದ. "ಅವನು ಕೋಣೇಲಿ ಸತ್ತು ವಾರ ಕಳೆದ ಮೇಲೆ ನಮಗೆ ಗೊತ್ತಾಯ್ತು. ಬಿರುಬೇಸಿಗೆ ಬೇರೆ. ಮುಖ ಅನ್ನೋದು... ಉಳಿದಿಲ್ಲ."

ನೆವೆನಾ ಒಬ್ಬೊಬ್ಬರನ್ನೇ ನೋಡಿದಳು.

"ಇಷ್ಟೊಂದು ಜನ ಇದೀರಿ. ಒಬ್ಬರಾದ್ರೂ ಬಾಗಿಲು ತಟ್ಟಲಿಲ್ವಾ?"

"ಕುಡಿದು ಮಲಗಿರ್ತಾನೆ ಅಂದ್ಕೊಂಡ್ವಿ," ಎಂದ ಕೆವ್.

ಥೂ, ಅದೂ ಒಂದು ಉತ್ತರವೇ! ಎಲ್ಲರೂ ಆ ಬಣ್ಣದ ಬಟ್ಟೆಗಳಲ್ಲಿ ಕುಗ್ಗಿಹೋದರು.

"ಅಪ್ಪ ಹೋದಾಗ ನನಗೆ ನಾಲ್ಕು ವರ್ಷ. ಹೆದರಿಕೊಂಡು ಅಮ್ಮ ಅವನ ಫೋಟೊಗಳನ್ನೆಲ್ಲ ಸುಟ್ಟಳು. ಹೆಣವಾಗಿಯಾದ್ರೂ ಒಂದ್ಸಲ ಆ ಮುಖ ನೋಡೋಣ ಅಂತ ಬಂದೆ."

ಬೆರಿಲ್ ತಟ್ಟನೆ ತಲೆಯೆತ್ತಿದಳು. "ಮುಖ ಇದೆ! ನಾವೆಲ್ಲ ಅವನನ್ನ ಬರೆದಿಲ್ವೇನ್ರೋ? ಏನು ನೋಡ್ತಾ ನಿಂತಿದೀರಿ, ಹೋಗಿ, ಮನೇಲಿರೋದನ್ನೆಲ್ಲ ತನ್ನಿ!"

ಬಿದ್ದಂಬೀಳ ಓಡಿದರು. ಬಗಲಲ್ಲಿ ಸುರುಳಿ ಹಿಡಿದು ಏದುಸಿರು ಬಿಡುತ್ತ ಬಂದರು. ನೆಲದ ತುಂಬ ರುಮೆನ್ ಹರಡಿಕೊಂಡ: ಬೆನ್ನು, ಮಂಡಿ, ಪಾದ, ಇದ್ದಿಲಿನಲ್ಲಿ ಮೂಡಿದ ಒಂದೊಂದು ಪಕ್ಕೆಲುಬು. ಕತ್ತಿನ ಮೇಲೆ ಮಾತ್ರ ಪ್ರತಿ ಹಾಳೆಯಲ್ಲೂ ಬರಿಯ ಮೊಟ್ಟೆಯಾಕಾರ. ಮುಖಕ್ಕೆ ಕೈ ಹಾಕಿದರೆ ಹೊತ್ತೆಲ್ಲ ಅಲ್ಲೇ ಹೋಗುತ್ತದೆ, ಮೊದಲು ಮೈ ಹಿಡಿಯಿರಿ ಎಂದು ಬೆರಿಲ್ಲೇ ಎಲ್ಲರಿಗೂ ಪಾಠ ಹೇಳಿದ್ದಳು.

"ಇರ್ಬೇಕು, ಎಲ್ಲೋ ಒಂದಾದ್ರೂ ಇರ್ಬೇಕು," ಎನ್ನುತ್ತ ಅವಳು ಹಾಳೆ ಮಗುಚುತ್ತಲೇ ಇದ್ದಳು.

ನೆವೆನಾ ನೆಲಕ್ಕೆ ಮಂಡಿಯೂರಿದಳು. ಕೈಗೆ ಸಿಕ್ಕ ಹಾಳೆಯೊಂದನ್ನು ಹತ್ತಿರಕ್ಕೆಳೆದು, ಆ ಖಾಲಿ ಜಾಗದಲ್ಲಿ ಹಣೆ ಎಲ್ಲಿರಬಹುದೆಂದು ಬೆರಳಿನಿಂದ ತಡವಿ ಹುಡುಕಿ, ಬಾಗಿ ಅಲ್ಲಿಗೆ ತುಟಿಯೊತ್ತಿದಳು.